ಬಿಡೋದು ಬೇರೆ, ತಡೆಯೋದು ಬೇರೆ: ಕೂಸಿಗೆ ಉಚ್ಚೆ–ಕಕ್ಕ ಕಲಿಸುವ ಮುಂಚೆ

ನನ್ನ ಮಗಳಿಗೆ ಆಗ ಆರು ತಿಂಗಳು. ಹೊಳಲ್ಕೆರೆ ಕಡೆಯ ಹಳ್ಳಿಯಿಂದ ಅತ್ತೆ ದಾವಣಗೆರೆಯ ನಮ್ಮ ಮನೆಗೆ ಬಂದಿದ್ದರು. ಬೆಳಗ್ಗೆ ಕೂಸು ಕಣ್ಣು ಬಿಟ್ಟಿದ್ದೇ ತಡ, ಎತ್ತಿಕೊಂಡು ಬಚ್ಚಲಿಗೆ ಹೋದರು. ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿದರು. ಪಾದಗಳ ಮೇಲೆ ಕೂಸನ್ನು ಕುಕ್ಕರಗಾಲಲ್ಲಿ ಕೂರಿಸಿ, ತೋಳು ಹಿಡಿದುಕೊಂಡು "ಉಸ್ಸ್ಸ್..." ಅಂದರು. ಅರ್ಧ ನಿಮಿಷದಲ್ಲಿ ಉಚ್ಚೆ ಬಂತು. ಅದರ ಹಿಂದೆಯೇ ಕಕ್ಕ.

"ನೋಡವ್ವ, ಹೊತ್ತು ನೋಡಿ ಕೂರಿಸಿದ್ರೆ ಬಟ್ಟೆ ಒಗೆಯೋ ಕೆಲಸಾನೇ ಇರಲ್ಲ" ಅಂದರು.

ಅದೇ ವಾರ ಕೂಸಿಗೆ ಜ್ವರ ಬಂತು ಅಂತ ಡಾಕ್ಟರ್ ಹತ್ತಿರ ಹೋದೆ. ಮಾತಿನ ಮಧ್ಯೆ ಇದನ್ನೂ ಕೇಳಿದೆ. "ಒಂದೂವರೆ, ಎರಡು ವರ್ಷ ಆಗಲಿ. ಅಲ್ಲಿಯವರೆಗೆ ಅವಸರ ಮಾಡಬೇಡಿ, ಅದಕ್ಕೆ ತಡೆದುಕೊಳ್ಳೋಕೆ ಬರಲ್ಲ" ಅಂದರು. ಕಣ್ಣಾರೆ ನೋಡಿದ್ದು ಒಂದು, ಕಿವಿಯಾರೆ ಕೇಳಿದ್ದು ಇನ್ನೊಂದು. ಯಾರ ಮಾತು ಸರಿ?

ಇಬ್ಬರದೂ ಸರಿ. ಇದು ನನಗೆ ತಿಳಿಯೋಕೆ ಎರಡು ವರ್ಷ ಬೇಕಾಯಿತು. ಅವರಿಬ್ಬರೂ ಮಾತಾಡುತ್ತಿದ್ದುದು ಎರಡು ಬೇರೆ ಕೆಲಸಗಳ ಬಗ್ಗೆ. ಸರಿಯಾದ ಹೊತ್ತಿಗೆ, ಸರಿಯಾದ ಜಾಗದಲ್ಲಿ ಕೂರಿಸಿದಾಗ ಬಿಡುವುದು ಒಂದು ಕೆಲಸ. ಬಂದಿದ್ದನ್ನು ತಡೆದುಕೊಂಡು, ಬಾಯಿಬಿಟ್ಟು ಹೇಳಿ, ಜಾಗಕ್ಕೆ ಹೋಗುವವರೆಗೆ ಕಾಯುವುದು ಇನ್ನೊಂದು ಕೆಲಸ. ಮೊದಲನೆಯದು ಕೆಲವೇ ತಿಂಗಳ ಕೂಸಿಗೂ ಬರುತ್ತದೆ. ಎರಡನೆಯದಕ್ಕೆ ಒಂದೂವರೆಯಿಂದ ಮೂರು ವರ್ಷ ಬೇಕು. ಈ ಎರಡನ್ನೂ ಒಂದೇ ಅಂದುಕೊಂಡಾಗಲೇ ಮನೆಯಲ್ಲಿ ಬೈಗುಳ ಶುರುವಾಗುತ್ತದೆ, ಏಟು ಬೀಳುತ್ತದೆ, ಕೂಸು ಅಳುತ್ತದೆ.

ಕೋಡಿ ಮತ್ತು ತೂಬು

ನಮ್ಮ ಸೀಮೆಯವರಿಗೆ ಇದನ್ನು ತಿಳಿಸಲು ಕೆರೆಗಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ಕೆರೆಯಿಂದ ನೀರು ಹೊರಗೆ ಬರುವುದಕ್ಕೆ ಎರಡು ದಾರಿ. ಒಂದು ತೂಬು. ಅದನ್ನು ನೀರಗಂಟಿ ಎತ್ತಬೇಕು, ಅವನೇ ಇಳಿಸಬೇಕು. ಇನ್ನೊಂದು ಕೋಡಿ. ಕೆರೆ ತುಂಬಿದರೆ ಯಾರನ್ನೂ ಕೇಳದೆ ನೀರು ಕೋಡಿಯಲ್ಲಿ ಹರಿಯುತ್ತದೆ. ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ 1933 ಆದಮೇಲೆ ಮತ್ತೆ 2022ರಲ್ಲಿ ಕೋಡಿ ಬಿದ್ದಾಗ ನಾವೆಲ್ಲ ನೋಡಲು ಹೋಗಿದ್ದೆವು ಅಲ್ವಾ? ಆ ನೀರಿಗೆ "ಸ್ವಲ್ಪ ತಡಿ" ಅಂತ ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ಎಳೆಗೂಸಿನ ಉಚ್ಚೆಯೂ ಹಾಗೇ, ಕೋಡಿ ನೀರು.

ಒಳಗೆ ನಡೆಯುವುದು ಇಷ್ಟು. ಉಚ್ಚೆಯ ಚೀಲ, ಅಂದರೆ ಮೂತ್ರಕೋಶ, ತುಂಬಿ ಹಿಗ್ಗುತ್ತದೆ. ಹಿಗ್ಗಿದ ಸುದ್ದಿ ನರಗಳ ಮೂಲಕ ಬೆನ್ನುಹುರಿಗೆ ಹೋಗುತ್ತದೆ. ಅಲ್ಲಿಂದ "ಹಿಂಡು" ಎಂಬ ಉತ್ತರ ಬರುತ್ತದೆ, ಚೀಲ ಹಿಂಡಿಕೊಂಡು ಖಾಲಿಯಾಗುತ್ತದೆ. ಚೀಲದ ಬಾಯಲ್ಲಿ ಬಿಗಿ ಹಿಡಿಯುವ ಸ್ನಾಯುಗಳು ಎರಡು. ಒಳಗಿನದು ಯಾರ ಮಾತೂ ಕೇಳುವುದಿಲ್ಲ, ತನ್ನಷ್ಟಕ್ಕೆ ತೆರೆದು ಮುಚ್ಚುತ್ತದೆ. ಹೊರಗಿನದು ನಮ್ಮ ಮಾತು ಕೇಳುತ್ತದೆ. ನಮ್ಮ ತೂಬು ಅದೇ. ಆದರೆ ಅದನ್ನು ಹಿಡಿದಿಡಬೇಕಾದ ನೀರಗಂಟಿ ಮಿದುಳಿನಲ್ಲಿ ಕೂತಿದ್ದಾನೆ. ಚೀಲ ತುಂಬಿದ ಸುದ್ದಿ ಅವನಿಗೆ ಮುಟ್ಟಬೇಕು, ಅವನ ಆಜ್ಞೆ ಕೆಳಗೆ ಬರಬೇಕು.

ಆ ದಾರಿ ಹುಟ್ಟಿದಾಗ ಇನ್ನೂ ಪೂರ್ತಿ ಆಗಿರುವುದಿಲ್ಲ. ಕರೆಂಟ್ ವೈರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ಹಾಗೆ ನಮ್ಮ ನರಗಳ ಮೇಲೆ ಕೊಬ್ಬಿನ ಹೊದಿಕೆ ಇರುತ್ತದೆ. ಅದು ಬೆಳೆದಷ್ಟೂ ಸುದ್ದಿ ಬೇಗ ಹೋಗುತ್ತದೆ. ಕೂಸಿನ ಹಿಡಿತ ತಲೆಯ ಕಡೆಯಿಂದ ಕೆಳಕ್ಕೆ ಬೆಳೆಯುವುದನ್ನು ನಾವೇ ನೋಡಿದ್ದೇವೆ. ಮೊದಲು ಕತ್ತು ನಿಲ್ಲುತ್ತದೆ. ಆಮೇಲೆ ಕೂರುತ್ತದೆ, ಆಮೇಲೆ ನಿಲ್ಲುತ್ತದೆ, ನಡೆಯುತ್ತದೆ. ತೂಬಿನ ಹಿಡಿತ ಬರುವುದು ಸಾಮಾನ್ಯವಾಗಿ ನಡಿಗೆಯ ನಂತರ. ಕೂಸು ಇನ್ನೂ ನಡೆದಿಲ್ಲ ಅಂತ ಯಾರೂ ಹೊಡೆಯುವುದಿಲ್ಲ. ಉಚ್ಚೆಗೆ ಮಾತ್ರ ಹೊಡೆಯುತ್ತೇವೆ.

ಚೀಲದ ಅಳತೆಯನ್ನೂ ನೆನಪಿಡಬೇಕು. ಹೊಸದಾಗಿ ಹುಟ್ಟಿದ ಕೂಸು ದಿನಕ್ಕೆ 20 ಸಲ ಉಚ್ಚೆ ಹೊಯ್ದರೂ ಅದು ಸಹಜ. ದೊಡ್ಡದಾದಂತೆ ಚೀಲವೂ ದೊಡ್ಡದಾಗುತ್ತದೆ. ಡಾಕ್ಟರುಗಳು ಬಳಸುವ ಒಂದು ಅಂದಾಜು ಲೆಕ್ಕವಿದೆ: ಮಗುವಿನ ವಯಸ್ಸಿಗೆ ಒಂದು ಕೂಡಿ, 30ರಿಂದ ಗುಣಿಸಿ. ಎರಡು ವರ್ಷಕ್ಕೆ 90 ಮಿಲಿಲೀಟರ್, ನಾಲ್ಕು ವರ್ಷಕ್ಕೆ 150. ಎರಡು ವರ್ಷದ ಮಗುವಿನ ಚೀಲ ಹಿಡಿಯುವುದು ಹೋಟೆಲಿನ ಸಣ್ಣ ಟೀ ಲೋಟದಷ್ಟು ಮಾತ್ರ. ಅಷ್ಟು ಸಣ್ಣ ಮಗುವಿಗೆ ಅರ್ಧ ಬಾಟಲಿ ನೀರು ಕುಡಿಸಿ, ದುರ್ಗದ ಕೋಟೆ ಹತ್ತಿಸಿ, "ಕೆಳಗೆ ಇಳಿಯೋವರೆಗೂ ತಡ್ಕೋ" ಅಂದರೆ ಅದು ಹೇಗೆ ತಡೆದೀತು?

ಅತ್ತೆಯ ಪಾದದ ಮೇಲೆ

ಹಾಗಾದರೆ ಆರು ತಿಂಗಳ ಕೂಸು ಅತ್ತೆ ಕೂರಿಸಿದ ಕೂಡಲೇ ಹೇಗೆ ಮಾಡಿತು? ನಾನು ಇದನ್ನು ಮೊದಲು ಕಾಕತಾಳೀಯ ಅಂದುಕೊಂಡಿದ್ದೆ. ಅಲ್ಲ. ಅದರ ಹಿಂದೆ ಹೊತ್ತಿನ ಲೆಕ್ಕವಿದೆ, ಕೂರುವ ಭಂಗಿ ಇದೆ, ಆ "ಉಸ್ಸ್" ಇದೆ.

ಹೊತ್ತು ಅಂದರೆ, ಕೂಸು ಗಾಢ ನಿದ್ದೆಯಲ್ಲಿ ಉಚ್ಚೆ ಹೊಯ್ಯುವುದು ಕಡಿಮೆ. ಸ್ವಲ್ಪ ಎಚ್ಚರವಾದಾಗ, ಮಗ್ಗುಲು ಬದಲಿಸುವಾಗ, ಎದ್ದ ಕೂಡಲೇ ಹೊಯ್ಯುವುದೇ ಜಾಸ್ತಿ. ಹಾಲು ಕುಡಿದ ಮೇಲೆ ಕಕ್ಕ ಬರುವುದಕ್ಕೂ ಕಾರಣವಿದೆ. ಹೊಟ್ಟೆಗೆ ಏನಾದರೂ ಬಿದ್ದರೆ ದೊಡ್ಡ ಕರುಳು ಕದಲುತ್ತದೆ, ಕೆಳಗಿರುವುದನ್ನು ಮುಂದಕ್ಕೆ ತಳ್ಳುತ್ತದೆ. ಬೆಳಗ್ಗೆ ಕಾಫಿ ಕುಡಿದ ಕೂಡಲೇ ದೊಡ್ಡವರು ಟಾಯ್ಲೆಟ್ಟಿಗೆ ಹೋಗುವುದೂ ಇದೇ ಕಾರಣಕ್ಕೆ. ಎಳೆಮಕ್ಕಳಲ್ಲಿ ಇದು ಇನ್ನೂ ಜೋರು.

ಕುಕ್ಕರಗಾಲಿನ ಭಂಗಿಯ ಗುಟ್ಟು ಇದು. ಕರುಳಿನ ಕೊನೆಯ ಭಾಗವನ್ನು ಒಂದು ಸ್ನಾಯು ಪಟ್ಟಿಯ ಹಾಗೆ ಸುತ್ತಿ ಮುಂದಕ್ಕೆ ಎಳೆದು ಹಿಡಿದಿರುತ್ತದೆ. ತೋಟಕ್ಕೆ ನೀರು ಬಿಡುವ ಪೈಪನ್ನು ಮಡಚಿ ಹಿಡಿದರೆ ನೀರು ನಿಲ್ಲುತ್ತದಲ್ಲ, ಹಾಗೆ. ನಿಂತಾಗ, ಮಲಗಿದಾಗ ಆ ಮಡಿಕೆ ಬಿಗಿಯಾಗಿರುತ್ತದೆ. ಮೊಣಕಾಲು ಹೊಟ್ಟೆಯ ಕಡೆ ಬರುವ ಹಾಗೆ ಕೂತರೆ ಪಟ್ಟಿ ಸಡಿಲವಾಗಿ ದಾರಿ ನೇರವಾಗುತ್ತದೆ. ಮುಕ್ಕುವ, ಅಂದರೆ ತಿಣುಕುವ ಕಷ್ಟ ಕಡಿಮೆ.

ಇನ್ನು "ಉಸ್ಸ್". ಬೆಣ್ಣೆ ದೋಸೆಯ ಹಿಟ್ಟು ಹೆಂಚಿನ ಮೇಲೆ ಚುಂಯ್ ಅಂದರೆ ನಮ್ಮ ಬಾಯಲ್ಲಿ ನೀರೂರುತ್ತದೆ. ದೋಸೆ ಇನ್ನೂ ತಟ್ಟೆಗೆ ಬಂದಿರುವುದಿಲ್ಲ. ಸದ್ದಿಗೂ ಬೆಣ್ಣೆಯ ರುಚಿಗೂ ದೇಹ ಗಂಟು ಹಾಕಿಬಿಟ್ಟಿದೆ. ಕೂಸು ಹೊಯ್ಯುವಾಗಲೆಲ್ಲ ಅದೇ ಸದ್ದು, ಅದೇ ಬಚ್ಚಲು, ಅದೇ ಪಾದ ಇದ್ದರೆ ಕೆಲವು ವಾರಗಳಲ್ಲಿ ಇಲ್ಲೂ ಅಂಥದೇ ಗಂಟು ಬೀಳುತ್ತದೆ.

ಇದು ನಮ್ಮಲ್ಲಿ ಮಾತ್ರ ಇರುವ ಪದ್ಧತಿಯಲ್ಲ. ಚೀನಾದಲ್ಲಿ ಮಕ್ಕಳಿಗೆ ತಳದಲ್ಲಿ ಸೀಳಿರುವ ಚಡ್ಡಿ ಹಾಕಿ ಹೀಗೇ ಹಿಡಿದು ಕೂರಿಸುವ ರೂಢಿ ಇದೆ. ಪೂರ್ವ ಆಫ್ರಿಕಾದ ಡಿಗೋ ಜನರ ಬಗ್ಗೆ 1977ರಲ್ಲಿ ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ ಒಂದು ಅಧ್ಯಯನ ಬಂತು. ಅಲ್ಲಿಯ ತಾಯಂದಿರು ಹುಟ್ಟಿದ ಕೆಲವೇ ವಾರಗಳಲ್ಲಿ ಶುರುಮಾಡುತ್ತಾರೆ, ಕಾಲ ಮೇಲೆ ಕೂರಿಸಿ ಸದ್ದು ಮಾಡುತ್ತಾರೆ. ಐದಾರು ತಿಂಗಳಿಗೆ ಕೂಸು ಹೆಚ್ಚುಕಡಿಮೆ ಒಣಗಿಯೇ ಇರುತ್ತದೆ. ಅದನ್ನು ಓದಿದಾಗ ನನಗೆ ಕಣ್ಣಿಗೆ ಬಂದದ್ದು ನಮ್ಮ ಅತ್ತೆ ಮಣೆ ಮೇಲೆ ಕೂತ ಚಿತ್ರ.

ಆದರೆ ಒಂದು ವಿಷಯ ಇಲ್ಲಿ ತುಂಬಾ ಮುಖ್ಯ. ಕೂಸು ಇನ್ನೂ ತಡೆಯುತ್ತಿಲ್ಲ, ಹೇಳುತ್ತಲೂ ಇಲ್ಲ. ಹೊತ್ತು ನೋಡುತ್ತಿರುವುದು, ಮುಖದ ಬಣ್ಣ ಗಮನಿಸುತ್ತಿರುವುದು, ಕಾಲು ಒದ್ದರೆ ಎತ್ತಿಕೊಂಡು ಓಡುತ್ತಿರುವುದು ದೊಡ್ಡವರು. ಕೂಸಿನ ಪಾಲಿಗೆ ನೀರಗಂಟಿಯೂ ಅವರೇ. ರಾಗಿ ಕೊಯ್ಲಿಗೆ ಅಂತ ಅತ್ತೆ ಊರಿಗೆ ಹೋದರು. ಒಂದೇ ವಾರದಲ್ಲಿ ಎಲ್ಲಾ ಮೊದಲಿನ ಹಾಗಾಯಿತು. ಮಗಳು ಕಲಿತದ್ದನ್ನು ಮರೆತಳು ಅಂತ ನಾನು ಬೇಜಾರು ಮಾಡಿಕೊಂಡೆ. ಅವಳು ಏನನ್ನೂ ಮರೆತಿರಲಿಲ್ಲ. ಕಾಯುತ್ತಿದ್ದ ಕಣ್ಣು ಮನೆಯಲ್ಲಿ ಇರಲಿಲ್ಲ, ಅಷ್ಟೇ.

ಹಾಗಂತ ಅಜ್ಜಿಯರ ಪದ್ಧತಿ ಸುಮ್ನೆ ಶ್ರಮ ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರು ಇದ್ದರೆ ಖಂಡಿತ ಮಾಡಿ. ಕತ್ತು ಚೆನ್ನಾಗಿ ನಿಂತಿರಬೇಕು. ಒಂದೆರಡು ನಿಮಿಷದಲ್ಲಿ ಬರದಿದ್ದರೆ ಎಬ್ಬಿಸಿಬಿಡಬೇಕು. ಕೂಸು ಬೆನ್ನು ಬಿಲ್ಲಿನಂತೆ ಮಾಡಿ ಅತ್ತರೆ ಬಲವಂತ ಬೇಡ. ನಡೆಯಲು ಕಲಿತ ಹೊಸದರಲ್ಲಿ ಎಷ್ಟೋ ಮಕ್ಕಳು ಕೂರಲು ಒಪ್ಪುವುದೇ ಇಲ್ಲ. ಆಗ ಕೆಲವು ವಾರ ಬಿಟ್ಟುಬಿಡುವುದೇ ಒಳ್ಳೆಯದು.

ಡಾಕ್ಟರ್ ಹೇಳಿದ ಕಾಲ

ಡಾಕ್ಟರುಗಳು ಕಾಯಿರಿ ಅನ್ನುವುದಕ್ಕೂ ಒಂದು ಚರಿತ್ರೆ ಇದೆ. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದಲ್ಲಿ ಎಳೆಕೂಸುಗಳನ್ನು ಗಡಿಯಾರ ನೋಡಿ ಕಟ್ಟುನಿಟ್ಟಾಗಿ ಕೂರಿಸಬೇಕು ಅನ್ನುವ ಸಲಹೆ ನಡೆಯುತ್ತಿತ್ತು. ಅದರಿಂದ ಮಕ್ಕಳು ಹೆದರಿ ಕಕ್ಕ ಹಿಡಿದಿಟ್ಟುಕೊಳ್ಳುವುದನ್ನು, ದೊಡ್ಡವರಾದ ಮೇಲೂ ಚಡ್ಡಿ ಕೆಡಿಸಿಕೊಳ್ಳುವುದನ್ನು ಮಕ್ಕಳ ವೈದ್ಯರು ನೋಡಿದರು. ಅಲ್ಲಿಯ ವೈದ್ಯ ಟಿ. ಬೆರಿ ಬ್ರೇಜಲ್ಟನ್ 1962ರಲ್ಲಿ ಬೇರೆ ದಾರಿ ತೋರಿಸಿದರು: ಗಡಿಯಾರ ನೋಡಬೇಡಿ, ಮಗುವನ್ನು ನೋಡಿ. ಅವರು ಹೀಗೆ ನೋಡಿದ 1,170 ಮಕ್ಕಳು ಹಗಲು ಪೂರ್ತಿ ಕಲಿತದ್ದು ಸರಾಸರಿ 28.5 ತಿಂಗಳಿಗೆ. ಅಂದರೆ ಎರಡೂವರೆ ವರ್ಷದ ಹತ್ತಿರ ಹತ್ತಿರ. ಇಂದಿಗೂ ಮಕ್ಕಳ ಡಾಕ್ಟರುಗಳ ಸಲಹೆಯ ತಳಪಾಯ ಅದೇ.

ಸುಮಾರು ಅದೇ ಕಾಲಕ್ಕೆ, 1961ರಲ್ಲಿ, ಅಮೆರಿಕದಲ್ಲಿ ಪ್ಯಾಂಪರ್ಸ್ ಮಾರುಕಟ್ಟೆಗೆ ಬಂತು. ಈಗ ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲೂ ಡೈಪರ್ ಬಿಡಿಬಿಡಿಯಾಗಿ ತೂಗಾಡುತ್ತದೆ. ಡೈಪರ್ ಬಗ್ಗೆ ನನಗೆ ದ್ವೇಷವಿಲ್ಲ. ಬಸ್ಸಿನಲ್ಲಿ ದೂರ ಹೋಗುವಾಗ, ರಾತ್ರಿ ಹೊತ್ತು, ಕೆಲಸಕ್ಕೆ ಹೋಗುವ ತಾಯಿಗೆ ಅದು ದೊಡ್ಡ ಆಸರೆ. ಆದರೆ ಅದರೊಳಗಿನ ಪುಡಿ ಉಚ್ಚೆಯನ್ನು ಹೀರಿ ಜೆಲ್ಲಿಯ ಹಾಗೆ ಮಾಡಿಬಿಡುತ್ತದೆ. ಮೈಗೆ ಒದ್ದೆ ತಾಗುವುದೇ ಇಲ್ಲ. ಹೊಟ್ಟೆ ಬಿಗಿಯಾಯಿತು, ಏನೋ ಹೋಯಿತು, ಕಾಲು ಒದ್ದೆಯಾಯಿತು ಎಂಬ ಸರಪಳಿ ಮಗುವಿಗೆ ಗೊತ್ತಾಗುವುದು ಬಟ್ಟೆಯಲ್ಲಿ ಅಥವಾ ಬರೀ ಮೈಯಲ್ಲಿ. ಅದಕ್ಕೇ ದಿನಕ್ಕೆ ಕೆಲವು ಗಂಟೆಯಾದರೂ ಹಳೆ ಪಂಚೆ, ಹಳೆ ಸೀರೆಯ ಹತ್ತಿಬಟ್ಟೆಯಲ್ಲಿ ಬಿಡಿ ಅಂತ ನಾನು ಹೇಳುತ್ತೇನೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಇಡೀ ದಿನ ಒಂದೇ ಡೈಪರ್ ಹಾಕಿದರೆ ತೊಡೆಸಂದಿ ಕೆಂಪಾಗಿ ಸುಲಿಯುತ್ತದೆ. ಎರಡು ಮೂರು ಗಂಟೆಗೆ ಬದಲಿಸಬೇಕು, ನಡುವೆ ಗಾಳಿ ಆಡಲು ಬಿಡಬೇಕು. ಬಳಸಿದ್ದನ್ನು ಪೇಪರಿನಲ್ಲಿ ಸುತ್ತಿ ಬೇರೆಯಾಗಿ ಕಸದವರಿಗೆ ಕೊಡಬೇಕು. ಚರಂಡಿಗೆ, ಕೆರೆ ಏರಿಗೆ ಬೇಡ.

ಮೂರು ಬಗೆಯ ಹೇಳುವಿಕೆ

ಮಗು ತಯಾರಾಗಿದೆ ಅಂತ ತಿಳಿಯುವುದು ಹೇಗೆ? ಚಡ್ಡಿ ಒಂದೂವರೆ, ಎರಡು ಗಂಟೆ ಒಣಗಿರುತ್ತದೆ. ತಾನೇ ಕುಕ್ಕರಗಾಲಲ್ಲಿ ಕೂತು ಏಳುತ್ತದೆ. "ಆ ಚೆಂಡು ತಗೊಂಡು ಬಾ" ಅಂದರೆ ತರುತ್ತದೆ. ಚಡ್ಡಿ ಕೆಳಗೆ ಎಳೆಯಲು ಬರುತ್ತದೆ. ಕಕ್ಕ ಬಂದಾಗ ಬಾಗಿಲ ಹಿಂದೆಯೋ, ಬೀರುವಿನ ಸಂದಿಗೋ ಹೋಗಿ ನಿಲ್ಲುತ್ತದೆ. ಈ ಸಂದಿಗೆ ಹೋಗುವುದು ಒಳ್ಳೆಯ ಗುರುತು. ಬರುತ್ತಿದೆ ಎಂಬುದು ಅದಕ್ಕೆ ಮುಂಚೆಯೇ ತಿಳಿದಿದೆ ಅಂತ ಅರ್ಥ.

ಎಲ್ಲಕ್ಕಿಂತ ಮುಖ್ಯವಾದದ್ದು ಮಗು ಹೇಳುವ ರೀತಿ. ಮೊದಲು ಅದು ಆದ ಮೇಲೆ ಹೇಳುತ್ತದೆ. ಒದ್ದೆ ಚಡ್ಡಿ ತೋರಿಸಿ "ಅಮ್ಮ, ಉಚ್ಚೆ" ಅನ್ನುತ್ತದೆ. ಕೆಲವು ವಾರದ ನಂತರ ಆಗುತ್ತಿರುವಾಗ ಹೇಳುತ್ತದೆ. ಆಟ ನಿಲ್ಲಿಸಿ, ಕಾಲ ಬುಡ ನೋಡಿಕೊಂಡು ಗಾಬರಿಯಿಂದ ಕೂಗುತ್ತದೆ. ಕೊನೆಗೆ ಆಗುವ ಮುಂಚೆ ಹೇಳುತ್ತದೆ, ಅದೂ ಮೊದಮೊದಲು ಅರ್ಧ ನಿಮಿಷದ ಮುಂಚೆ. ಈ ಮೂರೂ ಒಂದಾದ ಮೇಲೆ ಒಂದು ಬರುತ್ತವೆ. ಸುದ್ದಿ ಮಿದುಳಿಗೆ ಮುಟ್ಟಲು ಶುರುವಾಗಿದೆ ಅನ್ನುವುದಕ್ಕೆ ಮೊದಲನೆಯದೇ ಸಾಕ್ಷಿ.

ನಾವು ಮಾಡುವ ದೊಡ್ಡ ತಪ್ಪು ಇಲ್ಲೇ. "ಎಲ್ಲಾ ಮುಗಿಸಿ ಬಂದು ಹೇಳ್ತೀಯಾ? ಮೊದಲೇ ಹೇಳೋಕೆ ಏನಾಗಿತ್ತು?" ಅಂತ ಬೆನ್ನಿಗೆ ಒಂದು ಕೊಡುತ್ತೇವೆ. ನಾನೂ ಒಮ್ಮೆ ಹೊಡೆದಿದ್ದೇನೆ. ಮಗು ಅದರಿಂದ ಕಲಿಯುವುದು ಮೊದಲೇ ಹೇಳಬೇಕು ಅಂತಲ್ಲ, ಹೇಳಲೇಬಾರದು ಅಂತ. ಆಮೇಲೆ ಅದು ಮಂಚದ ಕೆಳಗೆ ಹೋಗಿ ಮಾಡುತ್ತದೆ. ಅವತ್ತು ಫೋನಿನಲ್ಲಿ ಅತ್ತೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಯಾಕವ್ವ ಹೊಡಿತೀಯ, ಹೇಳ್ತಲ್ಲ ಅದು. ಇವತ್ತು ಆದ್ಮೇಲೆ ಹೇಳೈತೆ, ನಾಳೆ ಮುಂಚೆ ಹೇಳ್ತೈತೆ." ಮಗು ಆದ ಮೇಲೆ ಹೇಳಿದರೂ "ಹೌದಾ, ಉಚ್ಚೆ ಬಂತಾ? ಹೇಳಿದ್ದು ಒಳ್ಳೇದಾಯ್ತು, ಬಾ ಬಚ್ಚಲಿಗೆ ಹೋಗೋಣ" ಅಂತ ಕರೆದುಕೊಂಡು ಹೋಗಿ. ಅಷ್ಟು ಸಾಕು.

ಕಲಿಸಲು ಶುರುಮಾಡುವ ಮುಂಚೆ ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ಉಚ್ಚೆ, ಸೂಸು, ಒಂದಕ್ಕೆ, ಏನಾದರೂ ಸರಿ. ಅಪ್ಪ ಒಂದು, ಅಜ್ಜಿ ಒಂದು ಅಂದರೆ ಮಗುವಿಗೆ ಗೊಂದಲ. ಯುಗಾದಿಯ ಆಸುಪಾಸು ನಮ್ಮಲ್ಲಿ ಒಳ್ಳೆಯ ಕಾಲ. ಬಿಸಿಲಿಗೆ ಬಟ್ಟೆ ಬೇಗ ಒಣಗುತ್ತದೆ, ಮಗುವನ್ನು ಬರೀ ಮೈಯಲ್ಲೂ ಬಿಡಬಹುದು. ತಮ್ಮ ಹುಟ್ಟಿದ ತಿಂಗಳು, ಮನೆ ಬದಲಿಸಿದ ವಾರ, ಜ್ವರ ಬಿಟ್ಟ ಹೊಸದು ಬೇಡವೇ ಬೇಡ. ಗುಂಡಿ, ಜಿಪ್ಪು ಇರುವ ಜೀನ್ಸ್ ಬೇಡ, ಎಲಾಸ್ಟಿಕ್ ಚಡ್ಡಿ ಸಾಕು. ಎದ್ದ ಕೂಡಲೇ, ತಿಂಡಿ ಆದ ಮೇಲೆ, ಸ್ನಾನದ ಮುಂಚೆ, ಮಲಗುವ ಮುಂಚೆ ಕೂರಿಸಿ. ಐದು ನಿಮಿಷಕ್ಕಿಂತ ಜಾಸ್ತಿ ಬೇಡ. ಮೊಬೈಲ್ ಕೈಗೆ ಕೊಟ್ಟು ಕೂರಿಸಿದರೆ ಮಗು ಕೂರುತ್ತದೆ ನಿಜ, ಆದರೆ ಒಳಗಿನ ಸುದ್ದಿ ಅದಕ್ಕೆ ಕೇಳಿಸುವುದಿಲ್ಲ.

ಇಂಡಿಯನ್ ಟಾಯ್ಲೆಟ್ಟಿನ ಗುಂಡಿ ಸಣ್ಣ ಮಗುವಿನ ಕಣ್ಣಿಗೆ ಬಾವಿಯ ಹಾಗೆ ಕಾಣುತ್ತದೆ. ಕಾಲು ಅಗಲಿಸಿದರೆ ಬಿದ್ದುಹೋಗುವ ಹೆದರಿಕೆ ಸುಳ್ಳಲ್ಲ. ಮೊದಲು ಬಚ್ಚಲ ಮೂಲೆಯಲ್ಲಿ ಹಳೆ ಪೇಪರ್ ಹಾಸಿ, ಇಲ್ಲವೇ ಪಾಟಿ, ಅಂದರೆ ಮಕ್ಕಳು ಕೂರುವ ಸಣ್ಣ ಕಮೋಡ್, ಇಟ್ಟು ಶುರುಮಾಡಿ. ದಿನ ಕಳೆದಂತೆ ಅದನ್ನು ಟಾಯ್ಲೆಟ್ ಹತ್ತಿರಕ್ಕೆ ಸರಿಸುತ್ತಾ ಹೋಗಿ. ಕಮೋಡ್ ಇದ್ದರೆ ಸಣ್ಣ ಸೀಟು ಹಾಕಿ, ಕಾಲ ಕೆಳಗೆ ಮಣೆ ಇಡಿ. ಕಾಲು ತೂಗಾಡುತ್ತಿದ್ದರೆ ಮುಕ್ಕಲು ಆಗುವುದಿಲ್ಲ. ಫ್ಲಶ್ ಸದ್ದಿಗೆ ಹೆದರುವ ಮಕ್ಕಳೂ ಇದ್ದಾರೆ, ಮಗು ಹೊರಗೆ ಬಂದ ಮೇಲೆ ನೀರು ಬಿಡಿ. ಗಂಡುಮಕ್ಕಳಿಗೂ ಮೊದಲು ಕೂತೇ ಕಲಿಸಿ. ಹೆಣ್ಣುಮಕ್ಕಳನ್ನು ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಹಿಂದಿನಿಂದ ಮುಂದಕ್ಕೆ ತೊಳೆದರೆ ಕಕ್ಕದ ರೋಗಾಣು ಉಚ್ಚೆಯ ದಾರಿಗೆ ಸೇರಿ ಉರಿ, ಜ್ವರ ಬರುತ್ತದೆ.

"ಹಾಲುಗಲ್ಲದ ಕೂಸಿನ ಕಕ್ಕ, ಅದರಿಂದ ಏನಾಗ್ತೈತೆ" ಅನ್ನುವ ಮಾತು ಹಳ್ಳಿಯಲ್ಲೂ ಕೇಳಿದ್ದೇನೆ, ಪಟ್ಟಣದಲ್ಲೂ ಕೇಳಿದ್ದೇನೆ. ಅದು ತಪ್ಪು. ಮಕ್ಕಳ ಕಕ್ಕದಲ್ಲೂ ಭೇದಿ ತರುವ ರೋಗಾಣು, ಜಂತುವಿನ ಮೊಟ್ಟೆ ಇರುತ್ತವೆ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಶುರುವಾದ ಮೇಲೆ ಊರೂರಿನಲ್ಲಿ ಟಾಯ್ಲೆಟ್ ಆಯಿತು. ದೊಡ್ಡವರು ಒಳಗೆ ಹೋಗುತ್ತಾರೆ, ಕೂಸಿನದು ಮಾತ್ರ ಇನ್ನೂ ತಿಪ್ಪೆಗೆ, ಚರಂಡಿಗೆ ಬೀಳುತ್ತದೆ. ಅದನ್ನೂ ಟಾಯ್ಲೆಟ್ಟಿಗೇ ಹಾಕಬೇಕು. ಪಾಟಿಯನ್ನು ಕುಡಿಯುವ ನೀರಿನ ನಲ್ಲಿಯ ಹತ್ತಿರ ತೊಳೆಯಬಾರದು. ತೊಳೆದವರೂ ಮಗುವೂ ಸೋಪು ಹಚ್ಚಿ ಕೈ ತೊಳೆಯಬೇಕು. ದುರ್ಗ, ಚಳ್ಳಕೆರೆ ಕಡೆ ನೀರು ಎಷ್ಟು ಕಷ್ಟ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ. ಒಂದು ಚೊಂಬು ನೀರು ಇದಕ್ಕೆ ಎತ್ತಿಡಿ.

ಕಕ್ಕ ಹಿಡಿದಿಟ್ಟುಕೊಳ್ಳುವ ಮಗು

ಉಚ್ಚೆಯ ತೊಂದರೆಗಿಂತ ಇದು ದೊಡ್ಡದು, ಮತ್ತು ನಾವು ತಪ್ಪಾಗಿ ತಿಳಿಯುವುದೂ ಇದನ್ನೇ ಜಾಸ್ತಿ. ಒಂದು ದಿನ ಕಕ್ಕ ಗಟ್ಟಿಯಾಗಿ ಬರುತ್ತದೆ, ನೋವಾಗುತ್ತದೆ. ಮಾರನೆಯ ದಿನ ಬಂದಾಗ ಆ ನೋವಿನ ನೆನಪಿಗೆ ಮಗು ಬಿಗಿ ಹಿಡಿಯುತ್ತದೆ. ಒಳಗೆ ನಿಂತಷ್ಟೂ ಕರುಳು ಅದರಲ್ಲಿನ ನೀರನ್ನು ಹೀರುತ್ತದೆ. ಅದು ಇನ್ನೂ ಗಟ್ಟಿ, ಇನ್ನೂ ದಪ್ಪ ಆಗುತ್ತದೆ. ಮುಂದಿನ ಸಲ ಇನ್ನೂ ಜಾಸ್ತಿ ನೋವು, ಇನ್ನೂ ಜಾಸ್ತಿ ಹೆದರಿಕೆ. ಹೀಗೆ ತಿರುಗಣಿ ಶುರುವಾಗುತ್ತದೆ.

ಈ ಮಗು ತುದಿಗಾಲಲ್ಲಿ ನಿಲ್ಲುತ್ತದೆ, ತೊಡೆ ಬಿಗಿ ಹಿಡಿಯುತ್ತದೆ, ಗೋಡೆ ಹಿಡಿದು ಬೆವರುತ್ತದೆ. ನೋಡಿದವರು "ಪಾಪ, ಮುಕ್ಕುತ್ತಿದೆ" ಅನ್ನುತ್ತಾರೆ. ಅದು ಮುಕ್ಕುತ್ತಿಲ್ಲ, ತಡೆಯುತ್ತಿದೆ. ತಿಂಗಳುಗಟ್ಟಲೆ ಹೀಗಾದರೆ ಕರುಳಿನ ಕೊನೆ ಹಿಗ್ಗಿ, ತುಂಬಿದ್ದೇ ಅದಕ್ಕೆ ತಿಳಿಯದ ಹಾಗೆ ಆಗುತ್ತದೆ. ಗಟ್ಟಿ ಉಂಡೆಯ ಪಕ್ಕದಿಂದ ನೀರು ನೀರಾದ ಕಕ್ಕ ಜಿನುಗಿ ಚಡ್ಡಿಗೆ ಬರುತ್ತದೆ. ಮನೆಯವರು ಭೇದಿ ಅಂದುಕೊಂಡು ಅದಕ್ಕೆ ಔಷಧಿ ಕೊಡುತ್ತಾರೆ. ಇಲ್ಲವೇ "ಇಷ್ಟು ದೊಡ್ಡವನಾದ್ರೂ ಸೋಮಾರಿ" ಅಂತ ಬೈಯುತ್ತಾರೆ. ಆ ಮಗುವಿಗೆ ಅದು ಬಂದದ್ದೇ ಗೊತ್ತಿರುವುದಿಲ್ಲ. ಹೊಟ್ಟೆ ತುಂಬಿದ ಕರುಳು ಪಕ್ಕದ ಉಚ್ಚೆ ಚೀಲವನ್ನೂ ಒತ್ತುತ್ತದೆ, ಹಾಗಾಗಿ ಉಚ್ಚೆಯೂ ಹತೋಟಿ ತಪ್ಪುತ್ತದೆ. ಎಷ್ಟೋ ಮಕ್ಕಳಲ್ಲಿ ಕಕ್ಕ ಸರಿಹೋದರೆ ಉಚ್ಚೆಯೂ ಸರಿಹೋಗುತ್ತದೆ.

ಕಕ್ಕ ಬರಲಿ ಅಂತ ಮಗುವಿನ ಗುದದ್ವಾರದಲ್ಲಿ ಹರಳೆಣ್ಣೆ ಹಚ್ಚಿದ ವೀಳ್ಯದೆಲೆ ತೊಟ್ಟು, ಸೋಪಿನ ಚೂರು ಇಡುವ ರೂಢಿ ನಮ್ಮ ಮನೆಗಳಲ್ಲಿ ಇದೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೂ ಬೇಡ ಅಂತ ಕೈಮುಗಿದು ಹೇಳುತ್ತೇನೆ. ಅಲ್ಲಿ ಚರ್ಮ ತುಂಬಾ ನಾಜೂಕು, ಗಾಯ ಆಗುತ್ತದೆ, ಉರಿಯುತ್ತದೆ. ಆ ಜಾಗದ ಬಗ್ಗೆ ಮಗುವಿಗೆ ಇರುವ ಹೆದರಿಕೆ ಇನ್ನೂ ಹೆಚ್ಚುತ್ತದೆ. ಡಾಕ್ಟರ್ ಕೊಡುವ ಕಕ್ಕ ಮೆತ್ತಗೆ ಮಾಡುವ ಔಷಧಿಯನ್ನು ಅವರು ಹೇಳಿದಷ್ಟು ತಿಂಗಳು ಕೊಡಿ. ಎರಡು ದಿನ ಸರಿಹೋಯಿತು ಅಂತ ನಿಲ್ಲಿಸಿದರೆ ತಿರುಗಣಿ ಮತ್ತೆ ಶುರು. ಹಿಗ್ಗಿದ ಕರುಳು ಮೊದಲಿನ ಅಳತೆಗೆ ಬರಲು ಕಾಲ ಬೇಕು.

ಊಟದ ಮಾತೂ ಇದೆ. ದಿನವಿಡೀ ಹಾಲು, ಬಿಸ್ಕತ್ತು, ಬ್ರೆಡ್ಡಿನ ಮೇಲೆ ಇರುವ ಮಕ್ಕಳಿಗೆ ಇದು ಬೇಗ ಬರುತ್ತದೆ. ವರ್ಷ ತುಂಬಿದ ಮೇಲೆ ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಹಾಲು ಬೇಡ. ಅಷ್ಟು ಹಾಲು ಕುಡಿದ ಹೊಟ್ಟೆಯಲ್ಲಿ ಊಟಕ್ಕೆ ಜಾಗವಿರುವುದಿಲ್ಲ. ರಾಗಿ ಮುದ್ದೆಯ ಜೊತೆ ಸೊಪ್ಪಿನ ಸಾರು, ನವಣೆ ಅನ್ನ, ಪರಂಗಿ ಹಣ್ಣು, ನೆನೆಸಿದ ಒಣದ್ರಾಕ್ಷಿ, ಬೇಸಿಗೆಯಲ್ಲಿ ಮೇಲಿಂದ ಮೇಲೆ ನೀರು. ಎದೆಹಾಲು ಮಾತ್ರ ಕುಡಿಯುವ ಎರಡು ಮೂರು ತಿಂಗಳ ಕೂಸು ನಾಲ್ಕೈದು ದಿನ ಕಕ್ಕ ಮಾಡದಿದ್ದರೂ, ಮಾಡಿದಾಗ ಮೆತ್ತಗಿದ್ದರೆ, ಹಾಲು ಕುಡಿದು ಆಡಿಕೊಂಡಿದ್ದರೆ ಅದು ಮಲಬದ್ಧತೆ ಅಲ್ಲ. ಆದರೆ ಹುಟ್ಟಿದ 48 ಗಂಟೆಯೊಳಗೆ ಕಪ್ಪು ಕಕ್ಕ ಹೋಗಿರಲೇ ಇಲ್ಲ ಅಂತಾದರೆ, ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ, ಕಕ್ಕದಲ್ಲಿ ರಕ್ತ ಕಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ಮನೆಯಲ್ಲಿ ಚೆನ್ನಾಗಿದ್ದ ಮಗು ಶಾಲೆಗೆ ಸೇರಿದ ಮೇಲೆ ಹಿಡಿದಿಟ್ಟುಕೊಳ್ಳುವುದೂ ಉಂಟು. ನನ್ನ ಮಗಳನ್ನು ಮೂರು ವರ್ಷಕ್ಕೆ ಒಂದು ನರ್ಸರಿಗೆ ಸೇರಿಸಿದೆವು. ಬೆಳಗ್ಗೆ ಹೋದವಳು ಮಧ್ಯಾಹ್ನ ಬಂದು ಚಪ್ಪಲಿ ಕೂಡ ಬಿಡದೆ ಬಚ್ಚಲಿಗೆ ಓಡುತ್ತಿದ್ದಳು. ಅಲ್ಲಿಯ ಟಾಯ್ಲೆಟ್ಟಿಗೆ ಚಿಲಕ ಇರಲಿಲ್ಲ, ಒಳಗೆ ಕತ್ತಲೆ, ನೀರು ನಿಂತಿರುತ್ತಿತ್ತು. ಕೇಳಿದಾಗಲೆಲ್ಲ "ಆಮೇಲೆ" ಅನ್ನುತ್ತಿದ್ದರಂತೆ. ಎರಡು ತಿಂಗಳಲ್ಲಿ ಅವಳಿಗೆ ಉಚ್ಚೆಯ ಸೋಂಕು ಬಂತು. ಅಂಗನವಾಡಿಗೋ ನರ್ಸರಿಗೋ ಸೇರಿಸುವ ಮುಂಚೆ ಟಾಯ್ಲೆಟ್ ಒಳಗೆ ಹೋಗಿ ನೋಡಿ ಬನ್ನಿ. ಮನೆಯಲ್ಲಿ ಉಚ್ಚೆಗೆ ಯಾವ ಮಾತು ಬಳಸುತ್ತೀರಿ ಅಂತ ಅಲ್ಲಿಯ ಆಯಾಗೆ, ಸಹಾಯಕಿಗೆ ಹೇಳಿ. ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ ಇಡಿ. ಬೆಳವಣಿಗೆ ನಿಧಾನವಾಗಿರುವ ಮಕ್ಕಳು, ಆಟಿಸಂ ಇರುವ ಮಕ್ಕಳು ಕೂಡ ಕಲಿಯುತ್ತಾರೆ. ಅವರಿಗೆ ಕಾಲ ಜಾಸ್ತಿ ಬೇಕು, ದಿನವೂ ಅದೇ ಹೊತ್ತು, ಅದೇ ಜಾಗ, ಅದೇ ಕ್ರಮ ಇರಬೇಕು.

ರಾತ್ರಿಯದು ಬೇರೆಯೇ

ಹಗಲು ಪೂರ್ತಿ ಕಲಿತ ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿದರೆ ಅದು ಕಲಿಕೆಯ ಕೊರತೆ ಅಲ್ಲ. ರಾತ್ರಿಯ ಒಣತನವನ್ನು ಯಾರೂ ಕಲಿಸಲು ಆಗುವುದಿಲ್ಲ, ಅದು ದೇಹ ಮಾಗಿದಾಗ ತಾನಾಗಿ ಬರುತ್ತದೆ. ಮಿದುಳಿನಿಂದ ಬರುವ ಒಂದು ಹಾರ್ಮೋನು ರಾತ್ರಿ ಹೊತ್ತು ಉಚ್ಚೆ ತಯಾರಾಗುವುದನ್ನು ಕಡಿಮೆ ಮಾಡುತ್ತದೆ. ಕೆಲವು ಮಕ್ಕಳಲ್ಲಿ ಅದು ರಾತ್ರಿ ಸಾಕಷ್ಟು ಬರಲು ತಡವಾಗುತ್ತದೆ. ಕೆಲವರಿಗೆ ಚೀಲ ತುಂಬಿದ ಸುದ್ದಿ ನಿದ್ದೆಯನ್ನು ಎಬ್ಬಿಸುವಷ್ಟು ಜೋರಾಗಿರುವುದಿಲ್ಲ. ಐದು ವರ್ಷದ 100 ಮಕ್ಕಳಲ್ಲಿ ಸುಮಾರು 15 ಮಕ್ಕಳು ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುತ್ತಾರೆ. ಪ್ರತಿ ವರ್ಷ ಅವರಲ್ಲಿ ಶೇ. 15ರಷ್ಟು ಮಕ್ಕಳಿಗೆ ಯಾವ ಔಷಧಿಯೂ ಇಲ್ಲದೆ ನಿಲ್ಲುತ್ತದೆ. ಇದು ಮನೆತನದಲ್ಲೂ ಹರಿದು ಬರುತ್ತದೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದಿದ್ದರೆ ಮಗುವಿಗೆ ಬರುವ ಸಾಧ್ಯತೆ ಶೇ. 40ಕ್ಕಿಂತ ಜಾಸ್ತಿ, ಇಬ್ಬರಿಗೂ ಇದ್ದಿದ್ದರೆ ಶೇ. 70ಕ್ಕಿಂತ ಜಾಸ್ತಿ.

ನಿದ್ದೆಯಲ್ಲಿ ಆದದ್ದಕ್ಕೆ ಮಕ್ಕಳಿಗೆ ಬರೆ ಹಾಕುತ್ತೇನೆ ಅಂತ ಹೆದರಿಸುವುದನ್ನು, ಒದ್ದೆ ಚಡ್ಡಿಯಲ್ಲಿ ಬಾಗಿಲ ಮುಂದೆ ನಿಲ್ಲಿಸುವುದನ್ನು ನಾನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ನಿದ್ದೆಯಲ್ಲಿ ಮಗುವಿಗೆ ಯಾವ ಹತೋಟಿಯೂ ಇರುವುದಿಲ್ಲ. ಐದು ವರ್ಷದವರೆಗೆ ಚಿಂತೆ ಬೇಡ. ಆರೇಳು ವರ್ಷವಾದರೂ ನಿಲ್ಲದೆ ಮಗುವೇ ನೊಂದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳಿ, ಚಿಕಿತ್ಸೆ ಇದೆ. ಆರು ತಿಂಗಳು ಒಣಗಿದ್ದ ಮಗು ಮತ್ತೆ ಶುರುಮಾಡಿದರೆ ಬೇಗ ತೋರಿಸಿ. ಸೋಂಕು, ಮಲಬದ್ಧತೆ, ಮನಸ್ಸಿನ ನೋವು, ಕೆಲವೊಮ್ಮೆ ಸಕ್ಕರೆ ಕಾಯಿಲೆ ಕೂಡ ಹೀಗೇ ಕಾಣಿಸಿಕೊಳ್ಳುತ್ತವೆ. ವಿಪರೀತ ಬಾಯಾರಿಕೆ, ತೂಕ ಇಳಿಯುವುದು, ಹೊಯ್ಯುವಾಗ ಅಳುವುದು, ಹಗಲೂ ರಾತ್ರಿ ತೊಟ್ಟಿಕ್ಕುತ್ತಲೇ ಇರುವುದು, ಗಂಡುಮಗುವಿನ ಧಾರೆ ಸಣ್ಣಗೆ ನಿಂತು ನಿಂತು ಬರುವುದು, ಕಾಲಿನಲ್ಲಿ ಬಲ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯಬಾರದು.

ನನ್ನ ಮಗಳಿಗೆ ಈಗ ನಾಲ್ಕೂವರೆ. ವಾರಕ್ಕೆ ಎರಡು ರಾತ್ರಿ ಇನ್ನೂ ಹಾಸಿಗೆ ಒದ್ದೆಯಾಗುತ್ತದೆ. ಇದನ್ನು ಅತ್ತೆಗೆ ಹೇಳಿದಾಗ "ನಿನ್ನ ಗಂಡ ಮೂರನೇ ಕ್ಲಾಸಿನವರೆಗೂ ಕೌದಿ ಒದ್ದೆ ಮಾಡ್ತಿದ್ದ, ಕೇಳು ಅವನ್ನ" ಅಂದರು. ಅವಳ ಅಪ್ಪ ಅದನ್ನು ಅವಳಿಗೇ ಹೇಳಿದರು. ರಬ್ಬರ್ ಶೀಟಿನ ಮೇಲೆ ಅತ್ತೆ ಹೊಲಿದುಕೊಟ್ಟ ಸಣ್ಣ ಕೌದಿ ಹಾಸುತ್ತೇವೆ. ಒದ್ದೆಯಾದ ಬೆಳಗ್ಗೆ ಅಪ್ಪ ಒಂದು ತುದಿ, ಮಗಳು ಒಂದು ತುದಿ ಹಿಡಿದು ಮಾಳಿಗೆಗೆ ಒಯ್ದು ಹಗ್ಗದ ಮೇಲೆ ಹಾಕುತ್ತಾರೆ.